ಮುಳಾ ನದಿಯೂ ವಿಶ್ವದೃಷ್ಟಿಯೂ

(ಹಿಂಜವಾಡಿಯಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಲ್ಲಿಗೆ ಬರುವ ದಾರಿಯಲ್ಲಿ ಶಾಲೆಗಳ ನಾಮಫಲಕಗಳನ್ನು ಓದುತ್ತ ಬಂದೆ. ‘ಇಂಟರ್‌ನ್ಯಾಷನಲ್’ ಎಂಬ ವಿಶೇಷಣವನ್ನು ಹೊತ್ತವು ಹಲವು ಕಂಡವು. ಇನ್ಫೋಟೆಕ್ ಪಾರ್ಕಿನ ನೆರಳಿನಲ್ಲಿ ಬೆಳೆಯುವ ಮಕ್ಕಳಿಗೆ ಜಗತ್ತಿನ ಅರಿವು ಬೇಕೆಂಬ ಹಂಬಲ ಸಹಜವಾದದ್ದೇ. ಅದನ್ನು ಹಳಿಯುವ ಅಧಿಕಾರ ನನಗಿಲ್ಲ. ವರ್ಗಾವಣೆಯ ನೌಕರಿಯಲ್ಲಿ ನಾನೂ ಮಗಳನ್ನು ಊರೂರಿನ ಆಂಗ್ಲ ಮಾಧ್ಯಮದ ಶಾಲೆಗಳಿಗೇ ಸೇರಿಸಿದವನು. ದೇಶದೇಶಗಳ ರಾಜಧಾನಿಗಳನ್ನು ಆಕೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆಂದು ಒಮ್ಮೆ ಕೇಳಿದೆ, ಉತ್ತರವಿರಲಿಲ್ಲ. ನನಗೂ ತಿಳಿದಿರಲಿಲ್ಲವೆಂಬುದು ಬೇರೆ ಮಾತು.

ಜಗತ್ತನ್ನು ಅರಿಯಲು ಕನ್ನಡ ಸಾಲದೆಂಬ ಅಳುಕು ನಮ್ಮಲ್ಲಿದೆ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ರಚಿಸಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಇನ್ನೂ ಹತ್ತಿರದ ನಿದರ್ಶನ ಇದೇ ಪುಣೆಯಲ್ಲಿದೆ. 1967ರಲ್ಲಿ ಸ್ಥಾಪಿತವಾದ ಇಲ್ಲಿನ ಪಠ್ಯಪುಸ್ತಕ ಮಂಡಳ ‘ಬಾಲಭಾರತಿ’ಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಹೊರತರುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಶಾಲೆಗಳ ಮಕ್ಕಳು ಭೂಮಂಡಲವನ್ನು ಕಾಣುವುದು ಆ ಪುಟಗಳ ಮೂಲಕವೇ.

ಪುಣೆಯಿಂದ ಆ ಸೀಮೆಗೆ ಹೋಗುವುದು ಪುಸ್ತಕವಷ್ಟೇ ಅಲ್ಲ. ನಿಮ್ಮ ಮಗ್ಗುಲಲ್ಲೇ ಹರಿಯುವ ಮುಳಾ ನದಿಯು ದಾಪೋಡಿಯಲ್ಲಿ ಪವನೆಯನ್ನೂ ನಗರದ ಸಂಗಮದಲ್ಲಿ ಮುಠೆಯನ್ನೂ ಕೂಡಿಕೊಂಡು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ತುಂಬಿ, ಪಂಢರಪುರವನ್ನು ದಾಟಿ, ಸೊಲ್ಲಾಪುರ–ವಿಜಯಪುರ ಜಿಲ್ಲೆಗಳ ನಡುವೆ ಗಡಿಯಾಗಿ ಹರಿದು, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಪುಣೆ, ಪಿಂಪರಿ-ಚಿಂಚವಾಡಗಳ ಪೂರ್ತಿ ಶುದ್ಧಿಯಾಗದ ಕೊಳಚೆ ಉಜನಿಗೆ ಇಳಿಯುತ್ತಿರುವುದು ಗುಟ್ಟೇನಲ್ಲ. ಸೊಲ್ಲಾಪುರ ನಗರ ಕುಡಿಯುವುದು ಉಜನಿಯ ನೀರನ್ನು. ನಾವು ಒಂದು ಕೈಯಿಂದ ಭೂಗೋಳದ ಪುಸ್ತಕವನ್ನೂ ಇನ್ನೊಂದು ಕೈಯಿಂದ ಚರಂಡಿಯನ್ನೂ ಕಳುಹಿಸುತ್ತಿದ್ದೇವೆ!

1986ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಬಳಿ ರಾಸಾಯನಿಕಗಳ ಗೋದಾಮೊಂದು ಉರಿದಾಗ ವಿಷವು ರೈನ್ ನದಿಯಲ್ಲಿ ಜರ್ಮನಿಯನ್ನು ಹಾದು ಹಾಲೆಂಡಿನವರೆಗೆ ಹರಿಯಿತು. ಮೀನುಗಳು ರಾಶಿ ರಾಶಿಯಾಗಿ ಸತ್ತವು. ಮರುವರ್ಷವೇ ತೀರದ ದೇಶಗಳು ಕೂಡಿ ನದಿಯ ಉಳಿವಿಗೆ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡವು. ಮುಳೆಯ ದಡದಲ್ಲಿ ಮೂಗು ಮುಚ್ಚಿ ನಿಂತ ಮಗುವಿಗೆ ರೈನ್ ನದಿಯ ಈ ಪಾಠವನ್ನು ಹೇಳಿನೋಡಿ; ಎರಡನೆಯ ಸಲ ವಿವರಿಸಬೇಕಾಗದು. ಮೇಲಿನವನಿಗೂ ಕೆಳಗಿನವನಿಗೂ ಇರುವ ಸಂಬಂಧವನ್ನು ತನ್ನ ಹೊಳೆಯಲ್ಲಿ ಕಾಣದ ಮಗು ಪರದೇಶದ ಹೊಳೆಯಲ್ಲಿ ಕಂಡೀತೆಂದು ನನಗನಿಸುವುದಿಲ್ಲ. ಫಲಕದಲ್ಲಿ ಏನೇ ಬರೆದಿರಲಿ, ರಾಜಧಾನಿಗಳ ಪಟ್ಟಿಯನ್ನು ವಿಶ್ವದೃಷ್ಟಿಯೆಂದು ಕರೆಯಲು ನಾನು ಒಪ್ಪಲಾರೆ.

ಆದ್ದರಿಂದ ಒಂದು ಬಿನ್ನಹ. ನಿಮ್ಮ ಮಕ್ಕಳು ಭೀಮಾತೀರದ ಕನ್ನಡ ಶಾಲೆಯೊಂದರ ಮಕ್ಕಳಿಗೆ ಕನ್ನಡದಲ್ಲಿ ಕಾಗದ ಬರೆಯಲಿ. ನಿಮ್ಮೂರಿನಲ್ಲಿ ಹೊಳೆಯ ನೀರು ಹೇಗಿದೆಯೆಂದು ಕೇಳಲಿ. ಅಕ್ಷರ ತಪ್ಪಿದರೆ ಅವರು ತಿದ್ದಿಕೊಡುವರು. ಶಾಲೆಯ ವಿಳಾಸವನ್ನು ಹುಡುಕುವ ಹೊಣೆ ನನ್ನದು. ಬರುವ ಉತ್ತರಗಳನ್ನು ತಂದೆತಾಯಿಯರೂ ಓದಬೇಕು.