ಮನೆಯೊಳಗಿನ ಅಹಿಂಸೆ



ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿಯೂ ಮಗುವಿನ ಕೆನ್ನೆಯ ಮೇಲೆ ಬೆರಳಿನ ಗುರುತು ಮೂಡುವುದುಂಟು. ಕಣ್ಣಿಗೆ ಕಾಣದ ಜೀವಿಗೆ ಮರುಗುವ ಸಮಾಜವು ಕಣ್ಣೆದುರಿನ ಮಗುವಿನ ನೋವಿಗೆ ಶಿಸ್ತೆಂಬ ಹೆಸರಿಟ್ಟು ಸುಮ್ಮನಿದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು ಅವುಗಳಲ್ಲಿ ಸೇರಿವೆ. ಇವನ್ನು ಎತ್ತು-ಕುದುರೆಗಳಿಗಷ್ಟೇ ಅನ್ವಯಿಸಿ ಓದಿದರೆ ಸಾಲದು. ಕೋಣೆಯಲ್ಲಿ ಕೂಡಿಹಾಕಿದ ಮಗು, ಅಂಕಗಳ ಹೊರೆ ಹೊತ್ತ ಮಗು, ಪಾಠ ಒಪ್ಪಿಸುವವರೆಗೆ ಊಟವಿಲ್ಲವೆಂದು ಹೇಳಿಸಿಕೊಂಡ ಮಗು ಆ ಪಟ್ಟಿಯ ಹೊರಗಿಲ್ಲ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಕುಟುಂಬದೊಳಗೆ ಪೆಟ್ಟು ತಿಂದವರಲ್ಲಿ ಶೇ. 88ಕ್ಕೂ ಹೆಚ್ಚು ಮಕ್ಕಳನ್ನು ಹೊಡೆದವರು ಹೆತ್ತವರೇ.

ಅವರೆಲ್ಲರೂ ಕ್ರೂರಿಗಳೇ? ಅಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಬಂದ ತಾಯಿ, ಕಂತಿನ ಚಿಂತೆಯಲ್ಲಿರುವ ತಂದೆ, ಹಟ ಹಿಡಿದು ಅಳುವ ಮಗು, ಮುಚ್ಚಿದ ಫ್ಲಾಟಿನ ಬಾಗಿಲು. ಊರಿನ ಕೂಡುಕುಟುಂಬದಲ್ಲಿ ಪೆಟ್ಟು ಇರಲಿಲ್ಲವೆಂದಲ್ಲ; ಮಗುವನ್ನು ಸೆರಗಿನ ಹಿಂದೆ ಎಳೆದುಕೊಳ್ಳುವ ಅಜ್ಜಿಯೂ ಅಲ್ಲಿದ್ದರು. ಪರಊರಿನ ಮನೆಯಲ್ಲಿ ದಣಿವು ಉಳಿಯಿತು, ಅಜ್ಜಿ ಉಳಿಯಲಿಲ್ಲ.

ಆ ತೆರವನ್ನು ಹೊರಗಿನವರೂ ತುಂಬಬಲ್ಲರೆಂಬುದಕ್ಕೆ ನಿದರ್ಶನವಿದೆ. ಅಮೆರಿಕದ ಎಲ್ಮೈರಾ ಎಂಬ ಪಟ್ಟಣದಲ್ಲಿ ಡೇವಿಡ್ ಓಲ್ಡ್ಸ್ ಅವರ ಪ್ರಯೋಗದಂತೆ, ದಾದಿಯರು ಚೊಚ್ಚಲ ಬಸುರಿಯರ ಮನೆಗೆ ಹೋಗತೊಡಗಿ, ಮಗುವಿಗೆ ಎರಡು ವರ್ಷವಾಗುವವರೆಗೂ ಭೇಟಿ ಮುಂದುವರಿಸಿದರು. ಹದಿನೈದು ವರ್ಷಗಳ ಬಳಿಕ ನೋಡಿದಾಗ, ಅಂಥ ಭೇಟಿ ಪಡೆಯದ ಕುಟುಂಬಗಳಿಗಿಂತ ಆ ಮನೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಪ್ರಕರಣಗಳು ಸುಮಾರು ಅರ್ಧದಷ್ಟಿದ್ದವು.

ಪೂಜೆಗೆ, ವಿಧಾನಕ್ಕೆ, ಸನ್ಮಾನಕ್ಕೆ ಹಣ ಕೂಡಿಸುವ ಸಮಾಜಕ್ಕೆ ಇದು ದೊಡ್ಡ ಹೊರೆಯಲ್ಲ. ಬಸದಿಗೆ ಸೇರಿದ ಒಂದು ಕೋಣೆ ಭಾನುವಾರ ಎರಡು ತಾಸು ಮಕ್ಕಳಿಗಾಗಿ ತೆರೆದಿರಲಿ. ಅನುಭವಿ ಮಹಿಳೆಯರು ಬಾಣಂತಿಯ ಮನೆಗೆ ಉಪದೇಶಕ್ಕಲ್ಲ, ಮಗುವನ್ನು ಎತ್ತಿಕೊಳ್ಳಲು ಹೋಗಲಿ. ಮಗುವಿನ ರಾತ್ರಿಯ ಅಳುವಿನಲ್ಲಿ ತಂದೆಯೂ ಪಾಲು ಪಡೆಯಲಿ. ದಣಿದೆನೆಂದ ತಾಯಿಯನ್ನು ಯಾರೂ ಹಂಗಿಸದಿರಲಿ. ಮನಸ್ಸು ಕುಸಿದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ.

ಆದರೆ ಒತ್ತಡವು ಹಿಂಸೆಗೆ ಕಾರಣವಾದೀತು, ಸಮರ್ಥನೆಯಾಗದು. 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು ತನ್ನ ವಶದಲ್ಲಿರುವ ಮಗುವಿನ ಮೇಲಿನ ಕ್ರೌರ್ಯಕ್ಕೆ ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಲೈಂಗಿಕ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯಿದೆಯಡಿ ಅಪರಾಧ. ಅಂಥಲ್ಲಿ ಮನೆತನದ ಮಾನವೆಂದು ಹಿರಿಯರು ರಾಜಿ ಮಾಡಿಸುವುದು ಮಗುವಿಗೆ ಬಗೆಯುವ ಎರಡನೆಯ ದ್ರೋಹ. ಮಕ್ಕಳ ಸಹಾಯವಾಣಿ 1098 ಪ್ರತಿ ಮನೆಗೂ ತಿಳಿದಿರಲಿ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಎಲ್ಲರೂ ಹಿರಿಯರ, ಗೆಳೆಯರ, ವ್ಯಾಪಾರದ ಪಾಲುದಾರರ ಕ್ಷಮೆ ಕೋರುತ್ತಾರೆ. ಈ ಸಲ ಪ್ರತಿ ತಂದೆ-ತಾಯಿಯೂ ತಮ್ಮ ಮಗುವಿನೆದುರು ಕುಳಿತು, ಎತ್ತಿದ ಕೈಗಾಗಿ ಕ್ಷಮೆ ಕೇಳಲಿ. ಮರುದಿನದಿಂದ ಆ ಕೈ ಮತ್ತೆ ಏಳದಂತೆ ಸಮಾಜವು ಅವರ ಜೊತೆ ನಿಲ್ಲಲಿ.

ಜೈ ಜಿನೇಂದ್ರ.