ಬೂಷ್ಟು ತೆಗೆಯಲು ಯಾರ ಅಪ್ಪಣೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಹಳೆಯ ಮನೆಯಲ್ಲಿ ಮದುವೆ ಮಾಡಹೊರಟವನ ಪಾಡನ್ನು ಅವರು ಹೇಳಲಿಲ್ಲ. ಮಗಳ ಮದುವೆಯ ಹೊತ್ತಿಗೆ ತೆಂಗಳಿಯ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಿತು. ಬೀಗರು ಬರುವವರಿದ್ದರು. ಅದರ ಮೇಲೆ ಎಣ್ಣೆಬಣ್ಣ ಬಳಿಸಿದೆ. ಬೂಷ್ಟು ಮರೆಯಾಯಿತು, ಮಾನ ಉಳಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣವು ಹಪ್ಪಳದಂತೆ ಎದ್ದಿತು, ಕಪ್ಪು ಇಮ್ಮಡಿಯಾಯಿತು, ಆ ಗೋಡೆಯ ಬದಿಗೆ ಮಲಗುತ್ತಿದ್ದ ನನ್ನ ಮಡದಿಗೆ ಹಳೆಯ ಉಬ್ಬಸ ಮರುಕಳಿಸಿತು.

ಸೇಡಂ, ಚಿತ್ತಾಪುರ, ಶಹಾಬಾದಗಳ ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ನೆಲಕ್ಕೆ ಫರಸಿ, ಗೋಡೆಗೆ ಕಲ್ಲು, ಕಲ್ಲುಗಳ ನಡುವೆ ಮಣ್ಣು, ಮೇಲೆ ಸುಣ್ಣ. ಇದು ನಮ್ಮ ಹಳೆಯ ಮನೆಗಳ ರೀತಿ. ಇಂಥ ಗೋಡೆ ಮಳೆಗಾಲದಲ್ಲಿ ಹೀರಿದ ನೀರನ್ನು ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟಿನ ಗಿಲಾವನ್ನೋ ಎಣ್ಣೆಬಣ್ಣವನ್ನೋ ಹೊದಿಸಿದರೆ ತೇವವು ಒಳಗೇ ಉಳಿಯುತ್ತದೆ. ಊರಿನ ಗೌಂಡಿ ಬಂದು ನೋಡಿ, "ಸರ, ಗ್ವಾಡಿ ಉಸಿರಾಡಬೇಕ್ರಿ, ನೀವು ಅದರ ಬಾಯಿ ಕಟ್ಟೀರಿ" ಎಂದ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗದರ್ಶಿಯೂ ಹೇಳುವುದು ಇದನ್ನೇ: ತೇವವನ್ನು ತಡೆಯದೆ ಬೂಷ್ಟನ್ನು ತಡೆಯಲಾಗದು, ತೇವದ ಮನೆಯಲ್ಲಿ ಉಸಿರಾಟದ ರೋಗಗಳು ಹೆಚ್ಚು.

ಜೀವಮಾನವೆಲ್ಲ ಅರ್ಜಿ ಬರೆದವನಿಗೆ ಮೊದಲು ಏಳುವ ಪ್ರಶ್ನೆ, ಇದಕ್ಕೆ ಯಾರ ಅಪ್ಪಣೆ ಬೇಕು ಎಂಬುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2016ರಿಂದ ಬೂಷ್ಟು ತೆಗೆಯುವ ಕಸುಬಿಗೆ ಪರವಾನಗಿ ಬೇಕು. ಬೂಷ್ಟನ್ನು ಪರೀಕ್ಷಿಸಿದವನೇ ಅದೇ ಮನೆಯಲ್ಲಿ ಅದನ್ನು ತೆಗೆಯುವ ಗುತ್ತಿಗೆ ಹಿಡಿಯುವಂತಿಲ್ಲ. ರೋಗ ಹೇಳುವವನೂ ಔಷಧ ಮಾರುವವನೂ ಒಬ್ಬನೇ ಆಗಬಾರದೆಂಬ ವಿವೇಕವದು. ನಮ್ಮಲ್ಲಿ ಸ್ವಂತ ಗೋಡೆಯನ್ನು ಕೆರೆದು ಸುಣ್ಣ ಬಳಿಯುವುದಕ್ಕೆ ಅಂಥ ಪರವಾನಗಿಯಿಲ್ಲ. ಆದರೆ ಗೋಡೆ ಕೆಡವಿ ಕಟ್ಟುವ, ಕಟ್ಟಡವನ್ನು ಮಾರ್ಪಡಿಸುವ ಕೆಲಸವಾದರೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಸಮೀಪದ ಮನೆಯಾದರೆ ಇನ್ನೊಂದು ಎಚ್ಚರ: 2010ರಲ್ಲಿ ತಿದ್ದುಪಡಿಯಾದ ಕಾನೂನು ಮೊದಲ 100 ಮೀಟರನ್ನು ನಿಷೇಧಿತವೆಂದೂ ಆಚೆಯ 200 ಮೀಟರನ್ನು ನಿಯಂತ್ರಿತವೆಂದೂ ಕರೆಯುತ್ತದೆ, ಅಲ್ಲಿ ದುರಸ್ತಿಗೂ ಅನುಮತಿ ಪಡೆಯಬೇಕು. ಕೆರೆದ ಗಿಲಾವನ್ನು ಚರಂಡಿಗೆ ಸುರಿಯಬಾರದೆಂಬುದಕ್ಕೆ ಕಾನೂನಿಗಿಂತ ಮೊದಲು ನಮ್ಮ ನಾಗರಿಕತೆಯೇ ಸಾಕ್ಷಿ.

ನನಗೆ ಬೇಕಾಗಿದ್ದ ಅನುಮತಿ ಇವಾವುವೂ ಅಲ್ಲ. ಗೌಂಡಿ ಗೋಡೆಯನ್ನು ಬಡಿದು ನೋಡಿ, ನೀರು ಪಕ್ಕದ ಮನೆಯ ಬಚ್ಚಲಿನಿಂದ ಇಳಿಯುತ್ತಿದೆಯೆಂದ. ಅದು ಎರಡು ಮನೆಗಳಿಗೂ ಸೇರಿದ ಪಾಲಿನ ಗೋಡೆ. ಹಿತ್ತಲಿನ ಗಡಿಯ ಒಂದು ಗೇಣು ಜಾಗಕ್ಕಾಗಿ ಹನ್ನೊಂದು ವರುಷ ಆ ಮನೆಯವರೊಡನೆ ನಾನು ಮಾತು ಬಿಟ್ಟಿದ್ದೆ. ಪಂಚಾಯತಿಗೆ ಅರ್ಜಿ ಬರೆಯುವುದು ನನಗೆ ಸುಲಭವಿತ್ತು. ಆ ಹೊಸ್ತಿಲು ದಾಟುವುದು ಕಷ್ಟವಿತ್ತು. ರಾತ್ರಿಯ ಉಬ್ಬಸದ ಸದ್ದು ನನ್ನನ್ನು ಕಳಿಸಿತು.

ನೆರೆಮನೆಯ ಹುಡುಗ ನನ್ನನ್ನು ಒಳಗೆ ಕರೆದೊಯ್ದು ತಮ್ಮ ಬದಿಯ ಗೋಡೆ ತೋರಿಸಿದ. ಅಲ್ಲಿಯೂ ಅದೇ ಕಪ್ಪು. "ಕಾಕಾ, ನಮ್ಮ ಕೂಸಿಗೂ ಕೆಮ್ಮು ಅದರಿ. ನೀವು ಬೈತೀರಂತ ಹೇಳಿರಲಿಲ್ಲ" ಎಂದ.

ಬಚ್ಚಲಿನ ನೀರಿಗೆ ಬೇರೆ ದಾರಿಯಾಯಿತು. ಖರ್ಚು ಇಬ್ಬರದು. ಮೂಗುಬಾಯಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದು, ಧೂಳೇಳದಂತೆ ಗೋಡೆಗೆ ನೀರು ಚಿಮುಕಿಸಿ ಬಣ್ಣವನ್ನೂ ಗಿಲಾವನ್ನೂ ಕೆರೆದರು. ಬ್ಲೀಚಿಂಗ್ ಪೌಡರನ್ನು ಬಚ್ಚಲು ತೊಳೆಯುವ ಆಸಿಡ್ಡಿನೊಡನೆ ಎಂದೂ ಬೆರೆಸಬಾರದು. ಹುಟ್ಟುವ ಕ್ಲೋರಿನ್ ವಿಷವಾಯು. ಗೋಡೆಯನ್ನು ಬೇಸಿಗೆಯುದ್ದಕ್ಕೂ ಒಣಗಲು ಬಿಟ್ಟು ಸುಣ್ಣ ಬಳಿಸಿದೆವು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು.

ಕಳೆದ ಮಳೆಗಾಲದಲ್ಲಿ ಗೋಡೆ ಬಿಳಿಯಾಗಿಯೇ ಉಳಿಯಿತು. ಮಡದಿ ಅದರ ಬದಿಗೇ ಮಲಗುತ್ತಾಳೆ. ಆಚೆಯಿಂದ ಕೂಸಿನ ನಗು ಕೇಳಿಸುತ್ತದೆ. ಹಿತ್ತಲಿನ ಆ ಒಂದು ಗೇಣು ಜಾಗದ ಮಾತನ್ನು ಈಗ ಇಬ್ಬರೂ ಎತ್ತುವುದಿಲ್ಲ.