ಡೀಸೆಲ್ ಕಾರಿಗೆ ನೀರಿನ ಕಾಟ



ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಅದಕ್ಕೆ ಸ್ವಲ್ಪ ಅಡುಗೆ ಎಣ್ಣೆ ಸುರಿಯಿರಿ. ಎಷ್ಟೇ ಕಲಕಿದರೂ ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ. ಡೀಸೆಲ್ ಕಾರಿನ ಟ್ಯಾಂಕಿನಲ್ಲಿ ನಡೆಯುವುದೂ ಇದೇ. ಒಂದು ಲೀಟರ್ ನೀರು 1,000 ಗ್ರಾಂ ತೂಗಿದರೆ, ಅಷ್ಟೇ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಹೀಗಾಗಿ ನೀರು ತಳ ಸೇರುತ್ತದೆ. ಎಂಜಿನ್ನಿಗೆ ಡೀಸೆಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದ ಬಳಿಯಲ್ಲೇ!

ಟ್ಯಾಂಕಿಗೆ ನೀರು ಬರುವುದೆಲ್ಲಿಂದ? ಅರ್ಧ ಖಾಲಿಯಾದ ಟ್ಯಾಂಕಿನ ಗಾಳಿಯಲ್ಲಿ ನೀರಾವಿ ಇರುತ್ತದೆ. ರಾತ್ರಿಯ ತಂಪಿಗೆ ಅದು ಹನಿಗಟ್ಟಿ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಬಂಕಿನ ನೆಲದಡಿಯ ಟ್ಯಾಂಕಿಗೂ ನೀರು ಜಿನುಗಬಹುದು. ಅದಕ್ಕೆಂದೇ ಬಂಕಿನವರು, ನೀರು ಸೋಕಿದರೆ ಬಣ್ಣ ಬದಲಿಸುವ ಲೇಪವನ್ನು ಅಳತೆಕೋಲಿನ ತುದಿಗೆ ಹಚ್ಚಿ ಪರೀಕ್ಷಿಸುತ್ತಾರೆ.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನ ಹೊತ್ತಿಸಲು ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಇಂದಿನ ಕಾರುಗಳಲ್ಲಿ ಈ ಸಿಂಪಡಿಕೆಯ ಒತ್ತಡ ವಾತಾವರಣದ ಒತ್ತಡದ 1,500 ಪಟ್ಟನ್ನೂ ಮೀರುವುದುಂಟು. ಸಿಂಪಡಿಸುವ ಇಂಜೆಕ್ಟರಿನ ತೂತುಗಳ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು.

ಇಷ್ಟು ನಾಜೂಕಾದ ಭಾಗಗಳಿಗೆ ಸವೆಯದಂತೆ ಜಾರಿಕೆ ಕೊಡುವುದು ಬಹುತೇಕ ಕಾರುಗಳಲ್ಲಿ ಡೀಸೆಲ್ಲೇ. ಅದರ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಇಂಜೆಕ್ಟರಿನ ಬಿಸಿ ತುದಿಯಲ್ಲಿ ನೀರು ಥಟ್ಟನೆ ಆವಿಯಾಗಿ ಹಿಗ್ಗಿದರೆ ತುದಿಯೇ ಹಾಳಾಗಬಹುದು. ಸಾಲದ್ದಕ್ಕೆ, ನೀರೂ ಡೀಸೆಲ್ಲೂ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯ, ಬೂಷ್ಟು ಬೆಳೆದು, ಅವುಗಳ ಲೋಳೆ ಫಿಲ್ಟರನ್ನು ಕಟ್ಟಿಬಿಡುತ್ತದೆ.

ಇದನ್ನು ತಡೆಯುವ ಉಪಾಯ ಸರಳವಾದದ್ದು. ಫಿಲ್ಟರಿನ ತಳದಲ್ಲಿ ನೀರು ಇಂಗಿ ನಿಲ್ಲಲು ಒಂದು ಬಟ್ಟಲು, ಅದರಲ್ಲಿ ಎರಡು ಲೋಹದ ಕಡ್ಡಿಗಳು. ಡೀಸೆಲ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ; ಅಲ್ಲಿ ಸೇರುವ ನೀರು ಹರಿಯಗೊಡುತ್ತದೆ. ನೀರು ಏರಿ ಕಡ್ಡಿಗಳನ್ನು ಮುಟ್ಟಿದೊಡನೆ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ.

ಒಮ್ಮೆ ಹೊರಾಂಗಣ ಚಿತ್ರೀಕರಣಕ್ಕೆ ಹೊರಟಾಗ ಈ ದೀಪ ಬೆಳಿಗ್ಗೆಯೇ ಹೊತ್ತಿತ್ತು. "ಸಂಜೆ ನೋಡೋಣ" ಎಂದೆವು. ಮಧ್ಯಾಹ್ನ ಕಾರು ನಡುದಾರಿಯಲ್ಲಿ ನಿಂತಿತು. ಫಿಲ್ಟರಿನ ಬೆಲೆಗೂ ನಾಲ್ಕು ಇಂಜೆಕ್ಟರುಗಳ ಬೆಲೆಗೂ ಅಜಗಜಾಂತರವೆಂದು ಅಂದು ತಿಳಿಯಿತು.

ದೀಪ ಕಂಡರೆ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಕೈಪಿಡಿಯಲ್ಲಿ ಹೇಳಿದಂತೆ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ, ಬರಿಯ ಡೀಸೆಲ್ ಬರುವವರೆಗೆ ನೀರನ್ನು ಪಾತ್ರೆಗೆ ಇಳಿಸಬೇಕು. ತಿಳಿಯದಿದ್ದರೆ ಮೆಕ್ಯಾನಿಕ್ಕನ್ನು ಕರೆಸಬೇಕು. ಇಳಿಸಿದ್ದನ್ನು ಚರಂಡಿಗೆ ಚೆಲ್ಲಬಾರದು. ಬಹಳ ದಿನ ಕಾರು ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡುವುದು, ಅವಧಿಗೆ ಸರಿಯಾಗಿ ಫಿಲ್ಟರ್ ಬದಲಿಸುವುದು ಒಳ್ಳೆಯ ಅಭ್ಯಾಸ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಡೀಸೆಲ್ ಕಾರಿದ್ದರೆ, ಆ ದೀಪ ಎಲ್ಲಿದೆಯೆಂದು ಹಿರಿಯರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ, ಕೈಪಿಡಿ ತೆರೆದು ಇಬ್ಬರೂ ಕೂಡಿ ಹುಡುಕಿ.